ರುಚಿ ನೋಡುತ್ತ ಬೊಲೊನ್ಯ ಸುತ್ತುವುದು

ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರುವ ನಮಗೆಲ್ಲ ಇಟಲಿಯ ಬೊಲೊನ್ಯ ನಗರದ ಋಣ ಒಂದಿಷ್ಟು ಉಂಟು. ಮಾರ್ಕೋನಿ ೧೮೭೪ರಲ್ಲಿ ಹುಟ್ಟಿದುದು ಆ ಊರಿನಲ್ಲಿ. ಊರ ಹೊರಗೆ ಪೊಂಟೆಕ್ಯೊ ಎಂಬಲ್ಲಿದ್ದ ತಂದೆಯ ಮನೆಯಲ್ಲಿ ಪ್ರಯೋಗ ನಡೆಸಿ, ೧೮೯೫ರಲ್ಲಿ ತಂತಿಯಿಲ್ಲದೆ ಸಂಕೇತವನ್ನು ಗುಡ್ಡದ ಆಚೆಗೆ ದಾಟಿಸಿದುದೂ ಅಲ್ಲಿಯೇ. ಸಂಕೇತ ಮುಟ್ಟಿತೆಂದು ತಿಳಿಸುವುದಕ್ಕೆ ಆಚೆ ಮಗ್ಗುಲಲ್ಲಿದ್ದವರು ಬಂದೂಕು ಹಾರಿಸಿದರೆಂದು ಹೇಳುತ್ತಾರೆ. ಊರಿನ ವಿಮಾನ ನಿಲ್ದಾಣಕ್ಕೆ ಈಗ ಮಾರ್ಕೋನಿಯದೇ ಹೆಸರು. ೨೦೨೪ರಲ್ಲಿ ಒಂದು ಕೋಟಿಗೂ ಮಿಕ್ಕಿದ ಪ್ರಯಾಣಿಕರು ಆ ನಿಲ್ದಾಣವನ್ನು ಹಾದುಹೋದರು. ಇವರೊಳಗಿನ ಪ್ರವಾಸಿಗಳಲ್ಲಿ ರೇಡಿಯೋದ ತವರನ್ನು ನೋಡುವುದಕ್ಕೆಂದು ಬಂದವರು ಎಷ್ಟು ಮಂದಿಯೋ! ಊಟಕ್ಕೆಂದು ಬಂದವರಂತೂ ಬಹಳ ಮಂದಿ.

ಹಾಗೆ ಬಂದವರಿಗಾಗಿ ಏರ್ಪಟ್ಟಿರುವ ಒಂದು ಪದ್ಧತಿಯನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ. ಹತ್ತು ಹನ್ನೆರಡು ಜನರ ಒಂದು ಗುಂಪು; ಮುಂದೆ ಒಬ್ಬ ಮಾರ್ಗದರ್ಶಿ. ಮೂರು ನಾಲ್ಕು ಗಂಟೆಗಳ ಕಾಲ ಹಳೆಯ ಪೇಟೆಯ ಬೀದಿಗಳಲ್ಲಿ ನಡೆಯುವುದು; ಐದಾರು ಅಂಗಡಿಗಳಲ್ಲಿ ನಿಂತು ಅಲ್ಲಿಯ ಪದಾರ್ಥವನ್ನು ಒಂದೊಂದು ತುತ್ತು ರುಚಿ ನೋಡುವುದು; ಅದು ಹೇಗೆ ಆಯಿತು, ಯಾರು ಮಾಡಿದರು, ಯಾಕೆ ಈ ಊರಿನಲ್ಲೇ ಹುಟ್ಟಿತು ಎಂಬುದನ್ನು ಕೇಳುವುದು. ಹಣವನ್ನು ಮೊದಲೇ ಕಟ್ಟಿರುತ್ತೀರಿ. ಅಂಗಡಿಯವರಿಗೆ ಕೊಡುವುದು ಬಿಡುವುದು ಮಾರ್ಗದರ್ಶಿಯ ಪಾಡು. ಮಕ್ಕಳು ಯುರೋಪಿನಲ್ಲಿ ಕೆಲಸದಲ್ಲಿದ್ದಾರೆ, ಅವರನ್ನು ನೋಡಿಬರಲು ಹೋಗುತ್ತೇವೆ ಎನ್ನುವ ಮನೆಗಳು ನಮ್ಮ ಪಟ್ಟಣಗಳಲ್ಲಿ ಈಗ ಬೇಕಾದಷ್ಟು. ಹಾಗೆ ಹೋದವರನ್ನು ಮಗನೋ ಸೊಸೆಯೋ ಇಂಥ ನಡಿಗೆಗೆ ಸೇರಿಸುವುದು ಅಪರೂಪವಲ್ಲ. ಇದರಲ್ಲಿ ಒಳ್ಳೆಯದೂ ಉಂಟು, ಜಳ್ಳೂ ಉಂಟು. ಸಸ್ಯಾಹಾರಿಗಳಾದವರು ಹೊರಡುವ ಮುಂಚೆಯೇ ತಿಳಿದಿರಬೇಕಾದ ಒಂದೆರಡು ಸಂಗತಿಗಳೂ ಉಂಟು.

ಬೊಲೊನ್ಯಕ್ಕೆ ಮೂರು ಅಡ್ಡಹೆಸರುಗಳು: ವಿದ್ಯಾವಂತೆ, ಕೊಬ್ಬಿದವಳು, ಕೆಂಪಿನವಳು. ಕೆಂಪು ಅಲ್ಲಿಯ ಇಟ್ಟಿಗೆ ಗೋಡೆಗಳ ಬಣ್ಣ. ವಿದ್ಯೆ ಅಲ್ಲಿಯ ವಿಶ್ವವಿದ್ಯಾನಿಲಯದ್ದು. ಅದು ೧೦೮೮ರಲ್ಲಿ ಹುಟ್ಟಿತೆಂದು ಸಂಪ್ರದಾಯ. ಕೊಬ್ಬಿಗೆ ಕಾರಣ ಊಟ. ಈ ಎರಡನೆಯದಕ್ಕೂ ಮೂರನೆಯದಕ್ಕೂ ಸಂಬಂಧವಿದೆಯೆಂದು ನನಗೆ ತೋರುತ್ತದೆ. ಯುರೋಪಿನ ನಾನಾ ಕಡೆಗಳಿಂದ ಕಾನೂನು ಓದಲು ಬಂದ ಹುಡುಗರು ಊರು ತುಂಬಿದರು. ಅವರಿಗೆ ಇರಲು ಕೋಣೆ ಬೇಕು, ಹೊಟ್ಟೆಗೆ ಹಿಟ್ಟು ಬೇಕು. ಕೋಣೆಗಾಗಿ ಜನ ಮಹಡಿಗಳನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟಿ, ಕೆಳಗೆ ಕಂಬ ಕೊಟ್ಟರು. ಕೆಳಗೆ ಉಳಿದ ಜಾಗ ಜಗಲಿಯಾಯಿತು. ೧೨೮೮ರಲ್ಲಿ ನಗರಸಭೆ ಇದನ್ನೇ ಕಟ್ಟಳೆಯಾಗಿ ಮಾಡಿತು: ಹೊಸ ಮನೆ ಕಟ್ಟುವವರು ಕಮಾನಿನ ಜಗಲಿಯನ್ನು ಬಿಡಲೇಬೇಕು. ಜಾಗ ಮನೆಯವನದು, ನಡೆಯುವ ಹಕ್ಕು ಊರಿನವರದು. ಇಂದು ಊರಿನಲ್ಲಿರುವ ಇಂಥ ಜಗಲಿಗಳನ್ನೆಲ್ಲ ಕೂಡಿಸಿದರೆ ಸುಮಾರು ೬೨ ಕಿಲೋಮೀಟರ್ ಉದ್ದ. ೨೦೨೧ರಲ್ಲಿ ಯುನೆಸ್ಕೋ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಡಿಗೆಗೆ ಹೋಗುವವರಿಗೆ ಇದರ ಪ್ರಯೋಜನ ಇಷ್ಟೆ: ಮಳೆ ಬಂದರೂ ಬಿಸಿಲು ಕಾದರೂ ಕೊಡೆ ಬಿಚ್ಚದೆ ಊರು ಸುತ್ತಬಹುದು.

ನಡಿಗೆ ಸಾಮಾನ್ಯವಾಗಿ ಊರ ನಡುವಿನ ದೊಡ್ಡ ಚೌಕದಲ್ಲಿ, ೧೩೯೦ರಲ್ಲಿ ತಳಪಾಯ ಹಾಕಿ ಇಂದಿಗೂ ಮುಖಭಾಗ ಪೂರ್ತಿಯಾಗದ ಸಾನ್ ಪೆತ್ರೋನಿಯೊ ದೇವಾಲಯದ ಎದುರು ಶುರುವಾಗುತ್ತದೆ. ಅದರ ಮಗ್ಗುಲಿಗೇ ಕ್ವಾದ್ರಿಲಾತೆರೊ ಎಂಬ ಹಳೆಯ ಪೇಟೆ. ಬೀದಿಗಳ ಹೆಸರುಗಳೇ ಕಸುಬುಗಳನ್ನು ಹೇಳುತ್ತವೆ: ಹಳೆಯ ಮೀನಂಗಡಿ ಬೀದಿ, ಜವಳಿಯವರ ಬೀದಿ, ಅಕ್ಕಸಾಲಿಗರ ಬೀದಿ, ಬೀಗದವರ ಬೀದಿ. ನಮ್ಮ ಹಳೆಯ ಪೇಟೆಗಳಲ್ಲಿ ಓಡಾಡಿದವರಿಗೆ ಈ ಬಗೆಯ ಹೆಸರುಗಳು ಹೊಸವಲ್ಲ. ಮೀನಂಗಡಿ ಬೀದಿಯಲ್ಲಿ ಈಗಲೂ ಮೀನು ಮಾರುತ್ತಾರೆ. ಆದರೆ ಒಂದು ಮೀನಂಗಡಿಗೆ ಎಷ್ಟು ಊಟದ ಮೇಜುಗಳೆಂದು ಎಣಿಸಿದರೆ ಬೇರೆಯೇ ಕಥೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ತೋರಿಸುವುದು ಮೊರ್ತದೆಲ್ಲ ಎಂಬ ಪದಾರ್ಥವನ್ನು. ಹಂದಿಯ ಮಾಂಸವನ್ನು ನುಣ್ಣಗೆ ಅರೆದು, ನಡುನಡುವೆ ಕೊಬ್ಬಿನ ಬಿಳಿಯ ತುಣುಕುಗಳನ್ನು ಸೇರಿಸಿ, ದಿಂಬಿನಂತೆ ತುಂಬಿ ನಿಧಾನವಾಗಿ ಬೇಯಿಸಿದ್ದು. ಲ್ಯಾಟಿನ್ನಿನಲ್ಲಿ ಒರಳಿಗಿರುವ ಮಾತಿನಿಂದ ಈ ಹೆಸರು ಬಂತೆಂದು ಒಂದು ಅಭಿಪ್ರಾಯ. ಬೊಲೊನ್ಯ ಪೋಪರ ಆಳ್ವಿಕೆಯಲ್ಲಿದ್ದಾಗ, ೧೬೬೧ರಲ್ಲಿ, ಕಾರ್ಡಿನಲ್ ಫಾರ್ನೇಸೆ ಇದನ್ನು ಹೇಗೆ ಮಾಡತಕ್ಕದ್ದೆಂದು ಆಜ್ಞೆ ಹೊರಡಿಸಿದ. ತಿನ್ನುವವರಿಗೆ ತಿನ್ನಲಿ, ತಿನ್ನದವರು ಅದರ ಪರಿಮಳದಲ್ಲಿರುವ ಕಾಳುಮೆಣಸನ್ನು ಗಮನಿಸಬಹುದು. ಹಿಂದೆ ಆ ಮೆಣಸು ಇಟಲಿಗೆ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಈ ಪೇಟೆಯಲ್ಲಿ ನಿಂತಾಗ ಕನ್ನಡಿಗರು ನೆನೆಯಬೇಕಾದ ಒಬ್ಬ ಬೊಲೊನ್ಯದವನೂ ಇದ್ದಾನೆ: ಲುದೋವಿಕೊ ದಿ ವಾರ್ತೆಮ. ಹದಿನಾರನೆಯ ಶತಮಾನದ ಮೊದಲಲ್ಲಿ ಭಟ್ಕಳ, ಹೊನ್ನಾವರ, ವಿಜಯನಗರಗಳ ವರ್ಣನೆ ಬರೆದು, ಕಲ್ಲಿಕೋಟೆಯ ಮೆಣಸಿನ ಬಳ್ಳಿಯನ್ನು ತನ್ನ ಜನಕ್ಕೆ ವಿವರಿಸಿದವನು ಅವನೇ. ೧೫೧೦ರಲ್ಲಿ ರೋಮಿನಲ್ಲಿ ಅಚ್ಚಾದ ಅವನ ಪುಸ್ತಕದ ಹೆಸರಿನಲ್ಲಿಯೇ ‘ಬೊಲೊನ್ಯದವನು’ ಎಂಬ ಮಾತಿದೆ. ವಿಜಯನಗರದ ಚರಿತ್ರೆಯನ್ನು ಓದಿದವರಿಗೆ ಅವನ ಹೆಸರು ಪರಿಚಿತ. ಮಾರ್ಗದರ್ಶಿಗೆ ಅವನ ಹೆಸರು ಗೊತ್ತಿರದಿದ್ದರೆ ನೀವೇ ಹೇಳಿ.

ಇನ್ನು ಹಿಟ್ಟಿನ ಅಂಗಡಿ. ನನ್ನನ್ನು ಕೇಳಿದರೆ ಇಡೀ ನಡಿಗೆಯ ತಿರುಳು ಇದೇ. ದಕ್ಷಿಣ ಇಟಲಿಯವರ ಪಾಸ್ತ ಗಟ್ಟಿ ಗೋದಿಯ ರವೆಯಿಂದ ಆದದ್ದು, ಒಣಗಿಸಿ ಇಡುವಂಥದು. ಬೊಲೊನ್ಯದವರದು ಮೃದು ಗೋದಿಯ ನಯವಾದ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸಿದ್ದು, ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕ. ನೀರು ಹಾಕುವುದಿಲ್ಲ. ಕಣಕವನ್ನು ಚೆನ್ನಾಗಿ ನಾದಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಅಗಲವಾದ ಮರದ ಹಲಗೆಯ ಮೇಲೆ ಒಂದು ಗಜ ಉದ್ದದ ಲಟ್ಟಣಿಗೆಯಿಂದ ತೆಳ್ಳಗೆ ಹರಡುತ್ತಾರೆ. ಹೋಳಿಗೆ ಲಟ್ಟಿಸಿದ ಕೈಗಳಿಗೆ ಈ ಕೆಲಸದ ಬೆಲೆ ತಿಳಿಯುತ್ತದೆ. ಹಾಳೆ ಎಷ್ಟು ತೆಳುವಾಗಬೇಕೆಂದರೆ ಎತ್ತಿ ಹಿಡಿದಾಗ ಆಚೆಯ ಬೆಳಕು ಕಾಣಬೇಕು. ಹಲಗೆ ಮರದ್ದೇ ಯಾಕೆ ಎಂದು ಕೇಳಿ ನೋಡಿ. ಅಮೃತಶಿಲೆಯ ಮೇಲೆ ಲಟ್ಟಿಸಿದರೆ ಹಾಳೆ ನುಣುಪಾಗುತ್ತದೆ, ನುಣುಪಾದರೆ ಸಾರು ಅದಕ್ಕೆ ಹಿಡಿಯುವುದಿಲ್ಲ. ಮರದ ತರಿ ಹಾಳೆಗೆ ಬರಬೇಕು. ಈ ಕೆಲಸ ಮಾಡುವ ಹೆಂಗಸರಿಗೆ ಸ್ಫೋಲೀನ ಎಂದು ಹೆಸರು. ಹಿಂದೆ ಮನೆಮನೆಯ ಅಜ್ಜಿಯರು ಮಾಡುತ್ತಿದ್ದುದು ಈಗ ಅಂಗಡಿಯ ಕಸುಬಾಗಿದೆ. ಯಂತ್ರದಿಂದ ಒತ್ತಿದ್ದಕ್ಕೂ ಕೈಯಿಂದ ಲಟ್ಟಿಸಿದ್ದಕ್ಕೂ ಬೆಲೆಯಲ್ಲಿ ಅಂತರವಿದೆ, ಇರಬೇಕಾದದ್ದೇ.

ಈ ಹಾಳೆಯನ್ನು ಸುರುಳಿ ಸುತ್ತಿ ಕತ್ತರಿಸಿದರೆ ತಾಲ್ಯಾತೆಲ್ಲೆ ಎಂಬ ಪಟ್ಟಿಗಳು. ಲುಕ್ರೇಸಿಯ ಬೋರ್ಜಿಯಾಳ ಹೊಂಬಣ್ಣದ ಕೂದಲನ್ನು ಕಂಡು ಒಬ್ಬ ಅಡಿಗೆಯವನು ಇದನ್ನು ಕಲ್ಪಿಸಿದನೆಂಬ ಕಥೆಯನ್ನು ನಿಮಗೆ ಖಂಡಿತ ಹೇಳುತ್ತಾರೆ. ಕಥೆ ಚೆಂದ, ಆದರೆ ಇಪ್ಪತ್ತನೆಯ ಶತಮಾನದಲ್ಲಿ ಬೊಲೊನ್ಯದ ಒಬ್ಬ ಹಾಸ್ಯಗಾರ ಕಟ್ಟಿದ್ದು. ಅದಕ್ಕಿಂತ ಚೆಂದವಾದದ್ದು ನಿಜವಾದ ಸಂಗತಿ. ೧೯೭೨ರಲ್ಲಿ ಊರಿನವರು ಒಂದು ಪಟ್ಟಿಯ ಅಳತೆಯನ್ನು ಚಿನ್ನದಲ್ಲಿ ಮಾಡಿಸಿ, ದಸ್ತಾವೇಜು ಬರೆಸಿ, ವಾಣಿಜ್ಯ ಮಂಡಲಿಯಲ್ಲಿ ಇಟ್ಟರು. ಬೆಂದ ಮೇಲೆ ಪಟ್ಟಿಯ ಅಗಲ ೮ ಮಿಲಿಮೀಟರ್ ಇರತಕ್ಕದ್ದು. ಇದು ಊರಿನ ಅಸಿನೆಲ್ಲಿ ಗೋಪುರದ ಎತ್ತರದ ೧೨,೨೭೦ನೆಯ ಒಂದು ಪಾಲೆಂದು ದಸ್ತಾವೇಜಿನಲ್ಲಿ ಕಾಣಿಸಿದೆ. ಗೋಪುರ ಸುಮಾರು ೯೭ ಮೀಟರ್. ಬೇಕಾದವರು ಭಾಗಿಸಿ ನೋಡಬಹುದು. ವಾಣಿಜ್ಯ ಮಂಡಲಿ ಇರುವ ಹದಿನಾಲ್ಕನೆಯ ಶತಮಾನದ ಕಟ್ಟಡ ನಡಿಗೆಯ ದಾರಿಯಲ್ಲೇ ಸಿಗುತ್ತದೆ, ಗೋಪುರಗಳೂ ಅಲ್ಲಿಗೆ ಹತ್ತಿರ. ಅಸಿನೆಲ್ಲಿಯ ಪಕ್ಕದಲ್ಲಿ ವಾಲಿಕೊಂಡಿರುವ ಗರಿಸೆಂದ ಎಂಬ ಗಿಡ್ಡ ಗೋಪುರ ಇನ್ನಷ್ಟು ವಾಲೀತೆಂಬ ಭಯದಿಂದ ೨೦೨೩ರ ಅಕ್ಟೋಬರಿನಲ್ಲಿ ಸುತ್ತಿನ ಜಾಗಕ್ಕೆ ಬೇಲಿ ಹಾಕಿದರು. ಊರಿನವರಿಗೆ ಅದೊಂದು ಸಂಕಟ.

ಇಂಥ ಕಟ್ಟಳೆಯನ್ನು ಕೇಳಿ ನಗು ಬರಬಹುದು. ಆದರೆ ಪ್ರಪಂಚದ ಹೋಟೆಲುಗಳಲ್ಲೆಲ್ಲ ‘ಸ್ಪಾಗೆಟ್ಟಿ ಬೊಲೊನೀಸ್’ ಎಂಬ ಹೆಸರಿನಲ್ಲಿ ಏನೇನನ್ನೋ ಬಡಿಸುತ್ತಾರೆ. ಬೊಲೊನ್ಯದವರು ತಮ್ಮ ರಾಗೂವನ್ನು, ಎಂದರೆ ಸಣ್ಣಗೆ ಕೊಚ್ಚಿದ ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿದ ಗೊಜ್ಜನ್ನು, ತಾಲ್ಯಾತೆಲ್ಲೆಯ ಜೊತೆ ತಿನ್ನುತ್ತಾರೆ. ಒಣ ಸ್ಪಾಗೆಟ್ಟಿಯ ಜೊತೆಗಲ್ಲ. ತಮ್ಮ ಊರಿನ ಹೆಸರು ತಮ್ಮದಲ್ಲದ ತಿಂಡಿಗೆ ಅಂಟಿಕೊಂಡಾಗ ಜನ ದಾಖಲೆಗೆ ಕೈಹಾಕುವುದು ಸಹಜ. ೧೯೮೨ರಲ್ಲಿ ರಾಗೂವಿನ ಪಾಕವೂ ದಾಖಲಾಯಿತು. ೨೦೨೩ರಲ್ಲಿ ಅದನ್ನು ಪರಿಷ್ಕರಿಸಿದರು.

ತೊರ್ತೆಲ್ಲೀನಿಯ ಪಾಕ ೧೯೭೪ರಲ್ಲಿಯೇ ದಾಖಲಾಗಿತ್ತು. ಹಾಳೆಯ ಪುಟ್ಟ ಚೌಕದಲ್ಲಿ ಕಾಳಿನಷ್ಟು ಹೂರಣವಿಟ್ಟು, ಮಡಿಸಿ, ಬೆರಳಿಗೆ ಸುತ್ತಿ ತುದಿ ಸೇರಿಸಿದರೆ ಒಂದು ಆಯಿತು. ಹೂರಣದಲ್ಲಿ ಹಂದಿಮಾಂಸ, ಉಪ್ಪಿನಲ್ಲಿಟ್ಟು ಒಣಗಿಸಿದ ಹಂದಿತೊಡೆ, ಮೊರ್ತದೆಲ್ಲ, ಚೀಸು, ಮೊಟ್ಟೆ, ಜಾಯಿಕಾಯಿ. ಬೇಯಿಸುವುದು ಮಾಂಸದ ತಿಳಿಸಾರಿನಲ್ಲಿ. ೨೦೧೯ರಲ್ಲಿ ನಗರದ ಹಬ್ಬದ ದಿನ ಹಂದಿಮಾಂಸ ತಿನ್ನದವರಿಗೂ ಸಲ್ಲಲೆಂದು ಕೋಳಿಮಾಂಸದ ತೊರ್ತೆಲ್ಲೀನಿಯನ್ನೂ ಬಡಿಸುವುದಾಗಿ ಹೊರಟಾಗ ಇಟಲಿಯ ರಾಜಕಾರಣಿಗಳವರೆಗೆ ಜಗಳ ಏರಿತು. ಒಂದು ಕಡೆಯವರಿಗೆ ಅದು ಅತಿಥಿಸತ್ಕಾರ. ಇನ್ನೊಂದು ಕಡೆಯವರಿಗೆ ಪರಂಪರೆಯ ಭಂಗ. ಹೂರಣ ಬದಲಿಸಿದ್ದಕ್ಕೇ ಇಷ್ಟು ರಂಪವೇ ಎಂದು ನಾವು ಆಶ್ಚರ್ಯಪಡಬೇಕಾಗಿಲ್ಲ. ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬ ಪ್ರಶ್ನೆ ಎಲ್ಲಿ ಎದ್ದರೂ ಹೀಗೆಯೇ.

ಈಗ ಚೀಸಿನ ಮಾತು. ಇಲ್ಲಿ ಸಸ್ಯಾಹಾರಿಗಳು ಸ್ವಲ್ಪ ಕಿವಿಗೊಡಬೇಕು. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರಿನ ಚೀಸನ್ನು ಎಲ್ಲಿ ಬೇಕಾದರಲ್ಲಿ ಮಾಡುವಂತಿಲ್ಲ. ಪಾರ್ಮ, ರೆಜ್ಜೊ ಎಮಿಲಿಯ, ಮೋದೆನ ಜಿಲ್ಲೆಗಳು, ಬೊಲೊನ್ಯ ಜಿಲ್ಲೆಯಲ್ಲಿ ರೇನೋ ನದಿಯ ಎಡದಂಡೆ, ಮಾಂತೊವ ಜಿಲ್ಲೆಯಲ್ಲಿ ಪೋ ನದಿಯ ಬಲದಂಡೆ: ಇಷ್ಟೇ ಅದರ ಸೀಮೆ. ೧೯೩೪ರಲ್ಲಿ ಹುಟ್ಟಿದ ಉತ್ಪಾದಕರ ಸಂಘ ಈ ಸೀಮೆಯನ್ನು ಕಾಯುತ್ತದೆ. ಸಂಜೆ ಕರೆದ ಹಾಲನ್ನು ರಾತ್ರಿಯೆಲ್ಲ ಬಿಟ್ಟು ಮೇಲಿನ ಕೆನೆ ತೆಗೆದು, ಬೆಳಗಿನ ಹಾಲಿನೊಡನೆ ತಾಮ್ರದ ಹಂಡೆಗೆ ಸುರಿಯುತ್ತಾರೆ. ಹಿಂದಿನ ದಿನದ ಹಾಲೊಡಕಿನ ನೀರನ್ನೂ, ಅದರ ಜೊತೆಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನೂ ಹಾಕುತ್ತಾರೆ. ಹಾಲು ಗಟ್ಟಿಯಾದ ಮೇಲೆ ಒಡೆದು, ಕಾಯಿಸಿ, ತಳಕ್ಕಿಳಿದ ಗಡ್ಡೆಯನ್ನು ಬಟ್ಟೆಯಲ್ಲಿ ಎತ್ತಿ ಎರಡು ಭಾಗ ಮಾಡುತ್ತಾರೆ. ಅಚ್ಚಿನಲ್ಲಿಟ್ಟು, ಕೆಲವು ವಾರ ಉಪ್ಪುನೀರಿನಲ್ಲಿ ಮುಳುಗಿಸಿ, ಬಳಿಕ ಮರದ ಅಟ್ಟಣಿಗೆಯ ಮೇಲೆ ಕೂರಿಸುತ್ತಾರೆ. ಸುಮಾರು ೪೦ ಕಿಲೋ ತೂಕದ ಒಂದು ಚಕ್ರಕ್ಕೆ ೫೫೦ ಲೀಟರಿನಷ್ಟು ಹಾಲು ಬೇಕು. ಕಡಮೆಯೆಂದರೆ ೧೨ ತಿಂಗಳು ಅದು ಹಾಗೆಯೇ ಕುಳಿತಿರಬೇಕು. ೨೪, ೩೬ ತಿಂಗಳು ಕೂರಿಸುವುದೂ ಉಂಟು. ವರ್ಷ ತುಂಬಿದಾಗ ಪರೀಕ್ಷಕ ಬಂದು ಪುಟ್ಟ ಸುತ್ತಿಗೆಯಿಂದ ಚಕ್ರವನ್ನು ತಟ್ಟಿ ಸದ್ದು ಕೇಳುತ್ತಾನೆ. ಒಳಗೆ ಬಿರುಕಿದ್ದರೆ ಕಿವಿಗೆ ಗೊತ್ತಾಗುತ್ತದೆ. ಕುಂಬಾರನ ಅಂಗಡಿಯಲ್ಲಿ ಗಡಿಗೆ ತಟ್ಟಿ ಕೊಳ್ಳುವ ಹಾಗೆ.

ಒಂದು ವರ್ಷ ಎರಡು ವರ್ಷ ಮಾಲು ಅಟ್ಟಣಿಗೆಯ ಮೇಲೆ ಕುಳಿತರೆ ಮಾಡುವವನು ಹಾಲಿನ ದುಡ್ಡನ್ನು ಎಲ್ಲಿಂದ ತರಬೇಕು? ಅದಕ್ಕೆ ಆ ಸೀಮೆಯ ಬ್ಯಾಂಕೊಂದು ಚೀಸಿನ ಚಕ್ರಗಳನ್ನೇ ಅಡವಿಟ್ಟುಕೊಂಡು ಸಾಲ ಕೊಡುತ್ತದೆ. ನಾವು ಬಂಗಾರ ಇಟ್ಟು ಸಾಲ ತರುವ ಹಾಗೆ ಅವರು ಚೀಸು ಇಡುತ್ತಾರೆ. ೨೦೧೨ರ ಮೇ ತಿಂಗಳ ಭೂಕಂಪದಲ್ಲಿ ಅಟ್ಟಣಿಗೆಗಳು ಕುಸಿದು ಲಕ್ಷಗಟ್ಟಲೆ ಚಕ್ರಗಳು ನೆಲಕ್ಕುರುಳಿದಾಗ ಆ ನಾಡಿಗೆ ಅದು ಸಣ್ಣ ಪೆಟ್ಟಲ್ಲ. ಈ ಹಸುಗಳನ್ನು ನೋಡಿಕೊಳ್ಳುವ, ಹಾಲು ಕರೆಯುವ ಕೆಲಸದಲ್ಲಿ ಪಂಜಾಬಿನಿಂದ ಹೋಗಿ ನೆಲೆಸಿದ ಸಿಖ್ಖರು ಬಹಳ ಮಂದಿ. ರೆಜ್ಜೊ ಎಮಿಲಿಯ ಜಿಲ್ಲೆಯ ನೊವೆಲ್ಲಾರದಲ್ಲಿ ೨೦೦೦ದಲ್ಲಿ ಅವರ ಗುರುದ್ವಾರವೂ ತೆರೆಯಿತು. ನಡಿಗೆಯಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಬರುವುದಿಲ್ಲ. ಬಂದರೆ ಒಳ್ಳೆಯ ಮಾರ್ಗದರ್ಶಿ ಸಿಕ್ಕಿದನೆಂದು ತಿಳಿಯಿರಿ.

ಹೆಪ್ಪಿನ ವಿಷಯ ಯಾಕೆ ಹೇಳಿದೆನೆಂದರೆ, ‘ನಾವು ಮಾಂಸ ತಿನ್ನುವುದಿಲ್ಲ’ ಎಂದ ಕೂಡಲೆ ಅಲ್ಲಿಯವರು ಪ್ರೀತಿಯಿಂದ ಈ ಚೀಸನ್ನೇ ಮುಂದಿಡುತ್ತಾರೆ. ಮೋಸ ಮಾಡುವ ಉದ್ದೇಶ ಅವರಿಗಿಲ್ಲ. ಅವರ ಲೆಕ್ಕದಲ್ಲಿ ಹಾಲಿನದೆಲ್ಲ ಹಾಲಿನದೇ. ಕರುವಿನ ಹೆಪ್ಪಿಲ್ಲದೆ ಮಾಡಿದ್ದು ಪಾರ್ಮಿಜಾನೊ ಎನಿಸಿಕೊಳ್ಳುವುದಿಲ್ಲ, ಹೀಗಾಗಿ ‘ಶುದ್ಧ ಪಾರ್ಮಿಜಾನೊ’ ಎಂಬುದೇ ನಿಮಗೆ ಉತ್ತರ. ರಿಕೊತ್ತ ಮತ್ತು ಸೊಪ್ಪಿನ ಹೂರಣದ ತೊರ್ತೆಲ್ಲೋನಿ ಎಂಬುದು ಮಾಂಸ ಬಿಡುವ ಕ್ರಿಸ್‌ಮಸ್ ಮುನ್ನಾದಿನದ ಅಡಿಗೆ, ಬೆಣ್ಣೆಯಲ್ಲಿ ಬಹಳ ರುಚಿ. ಆದರೆ ಅದರ ಹೂರಣಕ್ಕೂ ಈ ಚೀಸು ಬೀಳುತ್ತದೆ, ಹಾಳೆಗೆ ಮೊಟ್ಟೆಯಂತೂ ಇದ್ದೇ ಇದೆ. ಕೆಲವು ಬ್ರೆಡ್ಡುಗಳ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿರುತ್ತದೆ, ಕೇಳದ ಹೊರತು ಯಾರೂ ಹೇಳುವುದಿಲ್ಲ. ಹಣ ಕಟ್ಟುವಾಗಲೇ ಮೊಟ್ಟೆ, ಹೆಪ್ಪು, ಕೊಬ್ಬು ಈ ಮೂರನ್ನೂ ಹೆಸರಿಸಿ ಬರೆದು ತಿಳಿಸಿ. ‘ಸಸ್ಯಾಹಾರಿ’ ಎಂಬ ಒಂದು ಮಾತಿನಿಂದ ಕೆಲಸವಾಗದು. ಮೊಟ್ಟೆಗೆ ಅಡ್ಡಿಯಿಲ್ಲದವರಿಗೆ ಅಕ್ಕಿ, ಹಾಲು, ಬಾದಾಮಿ, ಸಕ್ಕರೆ ಹಾಕಿ ಸುಡುವ ಅಕ್ಕಿಯ ಕೇಕು ಇದೆ. ಯಾವ ಅಡ್ಡಿಯೂ ಇಲ್ಲದ್ದು ಮೋದೆನದ ಸಾಂಪ್ರದಾಯಿಕ ಬಾಲ್ಸಮಿಕ್ ವಿನೆಗರ್. ದ್ರಾಕ್ಷಿಯ ರಸವನ್ನು ಕಾಯಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿಟ್ಟ ಮರದ ಪೀಪಾಯಿಗಳಲ್ಲಿ ಕಡಮೆಯೆಂದರೆ ೧೨ ವರ್ಷ ಅಟ್ಟದ ಮೇಲೆ ಬಿಟ್ಟದ್ದು. ಹಣ್ಣಿನ ಹೋಳಿನ ಮೇಲೆ ಎರಡು ಹನಿ ಸಾಕು. ಅಗ್ಗದ ಸೀಸೆಗಳಲ್ಲಿ ಸಿಗುವುದು ಇದಲ್ಲ.

ಮೇಜುಗಳ ಮಾತಿಗೆ ಬರುತ್ತೇನೆಂದೆನಲ್ಲ. ಕ್ವಾದ್ರಿಲಾತೆರೊ ಶತಮಾನಗಳ ಕಾಲ ಬೊಲೊನ್ಯದ ಮನೆಯವರು ಬುಟ್ಟಿ ಹಿಡಿದು ಬರುತ್ತಿದ್ದ ಪೇಟೆ. ಪ್ರವಾಸಿಗಳು ಹೆಚ್ಚಿದಂತೆ ಅಲ್ಲಿ ತೂಕ ಹಾಕಿ ಮಾರುವುದಕ್ಕಿಂತ ಮರದ ತಟ್ಟೆಯಲ್ಲಿ ನಾಲ್ಕು ಬಗೆಯ ಮಾಂಸ, ಎರಡು ಬಗೆಯ ಚೀಸು ಜೋಡಿಸಿ ಬಡಿಸುವುದೇ ಲಾಭವೆಂದು ಅಂಗಡಿಗಳು ಕಂಡುಕೊಂಡವು. ಅಲ್ಲಿಯ ಹಳೆಯ ಮುಚ್ಚುಮಾರುಕಟ್ಟೆಯೂ ೨೦೧೪ರಲ್ಲಿ ತಿಂಡಿ ಮಳಿಗೆಗಳ ಮಂದಿರವಾಗಿ ಮತ್ತೆ ತೆರೆಯಿತು. ಬೇಳೆ, ಮೀನು, ಸೊಪ್ಪು ಕೊಳ್ಳುವವನಿಗೆ ಮೇಜುಗಳ ನಡುವೆ ದಾರಿ ಸಿಗದು. ಮನೆಯವರು ಬರದಿದ್ದರೆ ಸೊಪ್ಪಿನವನು ಎಷ್ಟು ದಿನ ಬಾಡಿಗೆ ಕಟ್ಟಿಯಾನು? ಅವನು ಹೋದ ಮೇಲೆ ಮಾರ್ಗದರ್ಶಿ ತೋರಿಸುವುದಕ್ಕೆ ಉಳಿಯುವುದು ಹೆಸರಿನ ಹಲಗೆ ಮಾತ್ರ. ಈ ನಡಿಗೆಗಳು ಆ ಕೆಡುಕಿಗೆ ಸ್ವಲ್ಪ ಮಟ್ಟಿಗೆ ಕಾರಣವೆಂದು ಒಪ್ಪಬೇಕು. ಹನ್ನೆರಡು ಜನ ಸಣ್ಣ ಅಂಗಡಿಯ ಬಾಗಿಲಲ್ಲಿ ನಿಂತರೆ ಹದಿಮೂರನೆಯವಳಾದ ಮುದುಕಿ ತನ್ನ ಹಾಲನ್ನು ಎಲ್ಲಿ ಕೊಳ್ಳಬೇಕು?

ಆದರೆ ಇವೇ ನಡಿಗೆಗಳು ಒಬ್ಬ ಸ್ಫೋಲೀನಳ ಲಟ್ಟಣಿಗೆಯನ್ನು ಉಳಿಸಿದ್ದೂ ಉಂಟು. ಕೈಕೆಲಸ ಎಷ್ಟೆಂದು ಕಂಡವನು ಬೆಲೆ ಕೇಳಿ ಮುಖ ತಿರುಗಿಸುವುದಿಲ್ಲ. ಆದಕಾರಣ ನಡಿಗೆಯನ್ನು ಆರಿಸುವಾಗ ‘ಎಷ್ಟು ಬಗೆ ತಿನ್ನಿಸುತ್ತೀರಿ’ ಎಂದು ಕೇಳುವ ಬದಲು ಬೇರೆ ಕೆಲವನ್ನು ಕೇಳುವುದು ಮೇಲು. ಗುಂಪಿನಲ್ಲಿ ಎಷ್ಟು ಜನ? ಮಾಡುವವರ ಕೈಯನ್ನು ಎಲ್ಲಿಯಾದರೂ ನೋಡಲು ಬಿಡುತ್ತೀರಾ? ನಿಲ್ಲುವ ಅಂಗಡಿಗಳಲ್ಲಿ ಊರಿನವರೂ ಕೊಳ್ಳುತ್ತಾರೆಯೇ? ಈ ಕೊನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ಹುಡುಕಿ. ೧೯೧೦ರಲ್ಲಿ ತೆರೆದ ಸೊಪ್ಪಿನ ಮಾರುಕಟ್ಟೆ, ಮೆರ್ಕಾತೊ ದೆಲ್ಲೆ ಎರ್ಬೆ, ಚೌಕದಿಂದ ಸ್ವಲ್ಪ ದೂರದಲ್ಲಿದೆ. ಅಲ್ಲಿಯೂ ಊಟದ ಮೂಲೆಗಳು ಬಂದಿವೆ, ಆದರೂ ಬೆಳಗಿನ ಹೊತ್ತು ಹೋದರೆ ಹಣ್ಣು ಸೊಪ್ಪು ಆರಿಸುವ ಮನೆಯವರನ್ನು ಕಾಣಬಹುದು. ಅಲ್ಲಿಗೂ ಕರೆದೊಯ್ಯುವ ನಡಿಗೆ ಉತ್ತಮ. ಬೆಳಗಿನ ನಡಿಗೆಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಂಜೆಯ ನಡಿಗೆಯಲ್ಲಿ ಗಾಜಿನ ಲೋಟಗಳ ಸದ್ದೇ ಹೆಚ್ಚು. ಹಿಂದಿನ ರಾತ್ರಿ ಹಗುರವಾಗಿ ಉಂಡು, ಮೆತ್ತನೆಯ ಪಾದರಕ್ಷೆ ಹಾಕಿಕೊಂಡು ಹೋಗಿ, ನೆಲವೆಲ್ಲ ಕಲ್ಲುಹಾಸು.

ಮೀನಂಗಡಿ ಬೀದಿಯ ಪಕ್ಕದ ಒಂದು ಓಣಿಯಲ್ಲಿ ಓಸ್ತೆರಿಯ ದೆಲ್ ಸೋಲೆ ಎಂಬ ಮದ್ಯದಂಗಡಿ ಇದೆ. ೧೪೬೫ರಿಂದ ನಡೆದುಬಂದದ್ದು ಅದು. ಅಲ್ಲಿ ಕುಡಿಯುವುದಕ್ಕೆ ಮಾತ್ರ ಮಾರುತ್ತಾರೆ, ತಿನ್ನುವುದನ್ನು ಗಿರಾಕಿಗಳು ಪಕ್ಕದ ಅಂಗಡಿಗಳಲ್ಲಿ ಕೊಂಡು ಪೊಟ್ಟಣ ಬಿಚ್ಚಿ ಉದ್ದದ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ. ಮುದುಕರು, ವಿದ್ಯಾರ್ಥಿಗಳು, ಪ್ರವಾಸಿಗಳು ಎಲ್ಲ ಒಂದೇ ಮೇಜು. ಕುಡಿಯದವರು ಬಾಗಿಲಿನಿಂದ ನೋಡಿ ಮುಂದೆ ಹೋಗಬಹುದು.

ನಡಿಗೆ ಮುಗಿದು ಗುಂಪು ಚೆದುರಿದ ಮೇಲೆ ಬೆಳಗ್ಗೆ ನೋಡಿದ ಹಿಟ್ಟಿನ ಅಂಗಡಿಗೆ ನೀವೇ ಇನ್ನೊಂದು ಸಲ ಹೋಗಿ. ಅಲ್ಲಿಯ ಜನ ನೂರು ಗ್ರಾಮಿಗೆ ‘ಎತ್ತೊ’ ಎನ್ನುತ್ತಾರೆ. ‘ಉನ್ ಎತ್ತೊ’ ಎಂದರೆ ಒಂದು ನೂರು ಗ್ರಾಂ, ‘ದುಯೆ ಎತ್ತಿ’ ಎಂದರೆ ಎರಡು. ಸರದಿಯಲ್ಲಿ ನಿಂತು, ನಿಮ್ಮ ಸರದಿ ಬಂದಾಗ ಅಷ್ಟು ಹೇಳಿ, ಬೆರಳು ತೋರಿಸಿ. ಮನೆಗೆ ತಂದು ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಬೇಯಿಸಿದರೆ ತಾಲ್ಯಾತೆಲ್ಲೆ ಸಿದ್ಧ. ಮಗನ ಮನೆಯಲ್ಲಿ ಅಳತೆಪಟ್ಟಿ ಇದ್ದರೆ ಅಗಲವನ್ನೂ ನೋಡಬಹುದು.